ಬೆಳಗಿನ ಎರಡು ಗಂಟೆ

ನಿವೃತ್ತರಿಗೆ ಬಿಡುವು ಹೇರಳವೆಂಬುದು ಇನ್ನೂ ನಿವೃತ್ತರಾಗದವರ ನಂಬಿಕೆ. ಪೀಣ್ಯದ ಬಳಿಯ ನಮ್ಮ ಮನೆಗೆ ಬರುವ ನೆಂಟರೂ ಹಾಗೆಯೇ ಭಾವಿಸುತ್ತಾರೆ. ನಾವು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವರು. ನಮ್ಮ ಮನೆಯವರು ಜಾಲಹಳ್ಳಿಯ ಎಚ್.ಎಂ.ಟಿ. ಕೈಗಡಿಯಾರ ಕಾರ್ಖಾನೆಯ ಜೋಡಣೆ ವಿಭಾಗದಲ್ಲಿ ದುಡಿದವರು. ನಿವೃತ್ತಿಯ ತರುವಾಯ ವಾರದ ಐದು ಸಂಜೆಗಳನ್ನು ಸಮೀಪದ ಸರ್ಕಾರಿ ಶಾಲೆಗೆ ಮೀಸಲಿಟ್ಟೆವು. ರಾಯಚೂರು, ಕಲಬುರಗಿಗಳಿಂದ, ಇನ್ನೂ ದೂರದ ಬಿಹಾರ, ಒಡಿಶಾಗಳಿಂದ ಕೆಲಸವನ್ನರಸಿ ಬಂದವರ ಮಕ್ಕಳು ಅಲ್ಲಿದ್ದಾರೆ. ನಮ್ಮದು ಕನ್ನಡ, ಅವರದು ಲೆಕ್ಕ.

ಜೊತೆಗೆ ಒಂದು ಬರವಣಿಗೆಯನ್ನೂ ಕೈಗೆತ್ತಿಕೊಂಡೆವು. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ 1961ರಲ್ಲಿ ಆರಂಭವಾದ ಗಡಿಯಾರ ತಯಾರಿಕೆಯನ್ನು ನಿಲ್ಲಿಸಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. 2019ರಲ್ಲಿ ಜಾಲಹಳ್ಳಿಯಲ್ಲಿ ತೆರೆದ ಸಂಗ್ರಹಾಲಯದಲ್ಲಿ ಆ ಗಡಿಯಾರಗಳನ್ನು ನೋಡಬಹುದು. ಅವನ್ನು ಜೋಡಿಸಿದ ಹೆಣ್ಣುಮಕ್ಕಳ ನೆನಪುಗಳನ್ನು ಕೇಳಿ ಬರೆದಿಡಬೇಕೆಂಬುದು ನಮ್ಮ ಆಸೆ. ‘ಜನತಾ’ ಗಡಿಯಾರದೊಳಗಿನ ಪುಟ್ಟ ಚಕ್ರ ಗಂಟೆಗೆ 18,000 ಸಲ, ಎಂದರೆ ಸೆಕೆಂಡಿಗೆ 5 ಸಲ ಅತ್ತಿತ್ತ ಆಡುತ್ತದೆ. ಅದನ್ನು ಆಡಿಸುವ ಕೂದಲೆಳೆಯಂತಹ ಸುರುಳಿಯನ್ನು ಚಿಮಟದಲ್ಲಿ ಹಿಡಿದಾಗ ಉಸಿರು ಬಿಡಲೂ ಅಂಜುತ್ತಿದ್ದರಂತೆ. ನಲವತ್ತು ವರ್ಷ ಒಂದೇ ಸೂರಿನಡಿ ಬಾಳಿದ ನಾವು ಇದನ್ನು ಅವರಿಂದ ಕೇಳಿದ್ದು ಈ ಬರವಣಿಗೆಯ ನೆಪದಲ್ಲಿ!

ಅವರಿಗೆ ಕೆಲಸ ಕಲಿಸಿದ ಹಿರಿಯಕ್ಕನವರೊಬ್ಬರು ಬರಹೇಳಿದ್ದರು. ಪರೀಕ್ಷೆ ಮುಗಿಯಲಿ, ಶಾಲೆಯ ವಾರ್ಷಿಕೋತ್ಸವ ಮುಗಿಯಲಿ ಎಂದು ಮೂರು ಸಲ ಮುಂದೂಡಿದೆವು. ನಾವು ಹೋದದ್ದು ಅವರು ತೀರಿಕೊಂಡ ಮೇಲೆ. ಮಗ ಒಂದು ಸ್ಟೀಲ್ ಡಬ್ಬಿ ತಂದು ಮುಂದಿಟ್ಟರು; ಅದರಲ್ಲಿ ಚಿಮಟ, ಕಣ್ಣಿಗೆ ಕಚ್ಚಿಸುವ ಭೂತಗನ್ನಡಿ. ತಾಯಿ ಯಾವ ವಿಭಾಗದಲ್ಲಿದ್ದರೆಂಬುದು ಅವರಿಗೆ ತಿಳಿದಿರಲಿಲ್ಲ.

ಅಂದು ರಾತ್ರಿ ಮನೆಯಲ್ಲಿ ಮಾತು ಬೆಳೆಯಿತು. “ಮಕ್ಕಳಿಗೆ ಪಾಠ ಹೇಳಲು ಬೇರೆಯವರೂ ಸಿಕ್ಕಾರು ರೀ. ನಮ್ಮ ಕೆಲಸದ ಮಾತು ಹೇಳುವವರು ಇನ್ನೆಷ್ಟು ಜನ ಉಳಿದಿದ್ದೇವೆ?” ಎಂದರು. ನಾವು ಸುಮ್ಮನಿರದೆ ಫ.ಗು. ಹಳಕಟ್ಟಿಯವರನ್ನು ನೆನೆದೆವು. ವಿಜಯಪುರದಲ್ಲಿ ವಕೀಲರಾಗಿದ್ದುಕೊಂಡೇ 1910ರಲ್ಲಿ ವಿದ್ಯಾಸಂಸ್ಥೆ ಕಟ್ಟಿದರು, ತಾಡವೋಲೆಗಳನ್ನು ಹುಡುಕಿ 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಸೇವೆ, ಬರವಣಿಗೆ ಎರಡೂ ಸಾಗಲಿಲ್ಲವೇ ಎಂದೆವು.

“ಅವರ ಮನೆಯಲ್ಲಿ ಅಡುಗೆ ಯಾರು ಮಾಡುತ್ತಿದ್ದರು?”

ನಮ್ಮಲ್ಲಿ ಉತ್ತರವಿರಲಿಲ್ಲ. ಬರವಣಿಗೆ ನಮ್ಮಿಬ್ಬರದೆಂದು ಹೇಳಿಕೊಳ್ಳುತ್ತಿದ್ದರೂ, ಅವರು ಒಲೆಯ ಮುಂದೆ ನಿಂತು ಹೇಳುವುದನ್ನು ನಾವು ಮೇಜಿನ ಮುಂದೆ ಕುಳಿತು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೆವಷ್ಟೆ.

ಈಗ ಶಾಲೆಗೆ ಹೋಗುವುದು ಮೂರು ಸಂಜೆ ಮಾತ್ರ. ಮುಖ್ಯೋಪಾಧ್ಯಾಯಿನಿಯವರಿಗೆ ಬೇಸರವಾಯಿತು; ಉಳಿದೆರಡು ಸಂಜೆಗೆ ಲೆಕ್ಕ ಹೇಳುವವರು ಇನ್ನೂ ಸಿಕ್ಕಿಲ್ಲವೆಂಬುದು ನಮ್ಮನ್ನೂ ಕೊರೆಯುತ್ತಿದೆ. ಬೆಳಗ್ಗೆ ಪೂಜೆಯಾದ ಮೇಲೆ ಆರರಿಂದ ಎಂಟರವರೆಗೆ ಮೇಜು ಅವರದು, ಒಲೆ ನಮ್ಮದು. ಉಪ್ಪಿಟ್ಟು ಗಂಟುಗಂಟಾಗುವುದುಂಟು. ಅವರ ಹಾಳೆಗಳಲ್ಲಿ ನಾವು ತಿದ್ದುವುದು ಕಾಗುಣಿತವನ್ನು ಮಾತ್ರ. ವಾಕ್ಯಕ್ಕೆ ಕೈಹಾಕಿದರೆ ಪೆನ್ನು ಕಸಿದುಕೊಳ್ಳುತ್ತಾರೆ.

ಬುಧವಾರ ಮೆಟ್ರೊ ಹತ್ತಿ ಮಲ್ಲೇಶ್ವರಕ್ಕೆ ಹೋಗಬೇಕಾಗಿದೆ. ಅಲ್ಲಿರುವ ಹಿರಿಯರಿಗೆ ಎಂಬತ್ತೆರಡು ವರ್ಷ. ಮಧ್ಯಾಹ್ನ ಮಲಗುವ ರೂಢಿಯಂತೆ. ಹತ್ತು ಗಂಟೆಗೇ ಬನ್ನಿ ಎಂದಿದ್ದಾರೆ.