ವಚನಗೀತೆಯ ಹೊದಿಕೆಗೂ ಒಂದು ನಿಲುವು ಬೇಕು

ಬಸವ ಜಯಂತಿ ಹತ್ತಿರ ಬಂತೆಂದರೆ ಹೊಸ ವಚನಗೀತೆಗಳು ಒಂದರ ಹಿಂದೆ ಒಂದು ಬಿಡುಗಡೆಯಾಗುತ್ತವೆ. ಮೊದಲು ಧ್ವನಿಸುರುಳಿ ಇತ್ತು, ಆಮೇಲೆ ಸಿ.ಡಿ. ಬಂತು, ಈಗ ಎಲ್ಲವೂ ಮೊಬೈಲಿನಲ್ಲಿದೆ. ಹಾಡುವವರು ಹೆಚ್ಚಿದ್ದಾರೆ, ಕೇಳುವವರೂ ಹೆಚ್ಚಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಹಾಡು ಕಿವಿಗೆ ಬೀಳುವ ಮೊದಲು ಅದರ ಮುಖಪುಟ ಕಣ್ಣಿಗೆ ಬೀಳುತ್ತದೆ. ಆ ಮುಖಪುಟ ಏನು ಹೇಳುತ್ತಿದೆ ಎಂಬುದನ್ನು ನಾವು ಇನ್ನೂ ಗಂಭೀರವಾಗಿ ಯೋಚಿಸಿಲ್ಲ.

ನಮ್ಮ ವಚನಗೀತೆಗಳ ಸಾಮಾನ್ಯ ಮುಖಪುಟವನ್ನೊಮ್ಮೆ ನೆನಪಿಸಿಕೊಳ್ಳಿ. ಮೇಲೆ ಪೂಜ್ಯರ ಭಾವಚಿತ್ರ, ಪಕ್ಕದಲ್ಲಿ ದಾನಿಗಳದು, ಕೆಳಗೆ ಸ್ಥಳೀಯ ಮುಖಂಡರದು. ಹಿನ್ನೆಲೆಯಲ್ಲಿ ಹಿಮದ ಬೆಟ್ಟ, ಚಂದ್ರ, ತ್ರಿಶೂಲ. ನಡುವೆ ಕಿರೀಟ ತೊಟ್ಟು ಪ್ರಭಾವಳಿಯೊಳಗೆ ನಿಂತ ಬಸವಣ್ಣನವರು. ಗಾಯಕಿಯ ಹೆಸರು ಒಂದು ಮೂಲೆಯಲ್ಲಿ. ತಬಲಾ ನುಡಿಸಿದವರ, ಹಾರ್ಮೋನಿಯಂ ಹಿಡಿದವರ ಹೆಸರು ಎಲ್ಲಿಯೂ ಇಲ್ಲ. ಯಾವ ಶರಣರ ವಚನಗಳು ಎಂಬುದೂ ಇಲ್ಲ. ಅದೇ ಹಾಡುಗಳ ಪೋಸ್ಟರಿನಲ್ಲಿ ಬೇರೆ ಬಣ್ಣ, ಬೇರೆ ಅಕ್ಷರ, ಬೇರೆ ಚಿತ್ರ. ಆಮಂತ್ರಣ ಪತ್ರಿಕೆಯಲ್ಲಿ ಮತ್ತೊಂದು. ಯೂಟ್ಯೂಬಿನಲ್ಲಿ ಇನ್ನೊಂದು. ಇವೆಲ್ಲ ಒಂದೇ ಗಾಯಕಿಯ ಒಂದೇ ಸಂಗ್ರಹಕ್ಕೆ ಸೇರಿದವು ಎಂದು ನೋಡಿದವರಿಗೆ ತಿಳಿಯುವುದಾದರೂ ಹೇಗೆ?

ಹಾಡಿನ ಹೊದಿಕೆಗೆ ದೊಡ್ಡ ಇತಿಹಾಸವಿದೆ. 78 ವೇಗದ ಹಳೆಯ ತಟ್ಟೆಗಳು ಸಾದಾ ಕಾಗದದ ಲಕೋಟೆಯಲ್ಲಿ ಬರುತ್ತಿದ್ದವು. 1930ರ ದಶಕದಲ್ಲಿ ಮಲ್ಲಿಕಾರ್ಜುನ ಮನಸೂರರು ಎಚ್.ಎಂ.ವಿ.ಗೆ ಹಾಡತೊಡಗಿದ ಕಾಲದಲ್ಲಿ ಎದ್ದು ಕಾಣುತ್ತಿದ್ದುದು ಕಂಪನಿಯ ನಾಯಿಯ ಗುರುತು. 1940ರ ಸುಮಾರಿಗೆ ಅಮೆರಿಕದ ಕೊಲಂಬಿಯಾ ಕಂಪನಿಯಲ್ಲಿ ಅಲೆಕ್ಸ್ ಸ್ಟೈನ್‌ವೈಸ್ ಎಂಬ ಯುವ ಚಿತ್ರಕಾರರು ಪ್ರತಿ ಸಂಗ್ರಹಕ್ಕೂ ಅದರದೇ ಆದ ಚಿತ್ರ ಬರೆಯತೊಡಗಿದರು. ಸಂಗೀತದ ಗುಣ ಹೊದಿಕೆಯಲ್ಲೂ ಕಾಣಬೇಕು ಎಂಬುದು ಅವರ ವಿಚಾರವಾಗಿತ್ತು. 1948ರಲ್ಲಿ 12 ಅಂಗುಲದ ಎಲ್.ಪಿ. ತಟ್ಟೆ ಬಂದಾಗ ಆ ವಿಚಾರಕ್ಕೆ ವಿಶಾಲವಾದ ಜಾಗ ದೊರೆಯಿತು. ಮುಂದೆ ಅಂಗೈಯಲ್ಲಿ ಹಿಡಿಯುವ ಕ್ಯಾಸೆಟ್ ಬಂತು, 12 ಸೆಂಟಿಮೀಟರಿನ ಸಿ.ಡಿ. ಬಂತು. ಈಗ ಮೊಬೈಲಿನ ಪಟ್ಟಿಯಲ್ಲಿ ಮುಖಪುಟ ಹೆಬ್ಬೆರಳಿನ ಉಗುರಿನಷ್ಟೇ ಕಾಣುತ್ತದೆ. ಹೊದಿಕೆ ಕುಗ್ಗುತ್ತ ಬಂತು, ಅದರಲ್ಲಿ ನಾವು ತುಂಬುವ ಚಿತ್ರಗಳು ಮಾತ್ರ ಹೆಚ್ಚುತ್ತ ಹೋದವು.

ಇದು ಬರಿಯ ಅಂದಚೆಂದದ ಪ್ರಶ್ನೆಯಾಗಿದ್ದರೆ ಈ ಪತ್ರಿಕೆಯಲ್ಲಿ ಬರೆಯುವ ಅಗತ್ಯವಿರಲಿಲ್ಲ. ಇದು ತತ್ವದ ಪ್ರಶ್ನೆ. ತನ್ನ ಒಡಲನ್ನೇ ಗುಡಿಯಾಗಿ ಕಂಡ ಬಸವಣ್ಣನವರ ವಚನಕ್ಕೆ ಬಂಗಾರದ ಶಿಖರವಿರುವ ಗುಡಿಯ ಚಿತ್ರ ಹಾಕಿದರೆ, ಹಾಡು ಒಂದು ಹೇಳುತ್ತದೆ, ಹೊದಿಕೆ ಅದರ ವಿರುದ್ಧ ಹೇಳುತ್ತದೆ. ಸ್ಥಾವರವನ್ನು ಬಿಟ್ಟು ಇಷ್ಟಲಿಂಗವನ್ನು ಅಂಗೈಗೆ ತಂದುಕೊಟ್ಟ ಧರ್ಮದ ಹಾಡಿಗೆ ಕಲ್ಲಿನ ಲಿಂಗದ ಮೇಲೆ ಹಾಲು ಸುರಿಯುವ ಚಿತ್ರ ಹೇಗೆ ಸಲ್ಲುತ್ತದೆ? ಲೋಕದ ಕಣ್ಣಿನ ಆಸೆಯನ್ನೇ ಧಿಕ್ಕರಿಸಿ ಹೊರಟ ಅಕ್ಕಮಹಾದೇವಿಯವರನ್ನು ಸಿನಿಮಾ ನಾಯಕಿಯಂತೆ ಚಿತ್ರಿಸುವುದು ಅವರಿಗೆ ಮಾಡುವ ಅಪಚಾರವಲ್ಲವೇ? ಹನ್ನೆರಡನೆಯ ಶತಮಾನದ ಶರಣರನ್ನು ಎದುರಿಗೆ ಕೂರಿಸಿಕೊಂಡು ಬರೆದ ಚಿತ್ರ ಒಂದೂ ನಮಗೆ ಉಳಿದು ಬಂದಿಲ್ಲ. ಇಂದು ನಾವು ಕಾಣುವ ರೂಪಗಳೆಲ್ಲ ನಂತರದ ಕಲಾವಿದರ ಕಲ್ಪನೆ. ಅಂದಮೇಲೆ ಯಾವ ಕಲ್ಪನೆಯನ್ನು ಆರಿಸುತ್ತೇವೆ ಎಂಬ ಹೊಣೆ ನಮ್ಮದೇ. 2024ರಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿದ ಮೇಲೆ ಆ ಹೊಣೆ ಇನ್ನೂ ಹೆಚ್ಚಿದೆ. ಈಗಂತೂ ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ ಒಂದು ಸಾಲು ಕೊಟ್ಟು ಚಿತ್ರ ಪಡೆಯುವವರಿದ್ದಾರೆ. ಯಂತ್ರಕ್ಕೆ ಅರಸ ಗೊತ್ತು, ಯೋಧ ಗೊತ್ತು. ಮಹಾಮನೆಯಲ್ಲಿ ಎಲ್ಲರ ಜೊತೆ ನೆಲಕ್ಕೆ ಕೂತ ಬಸವಣ್ಣ ಗೊತ್ತಿಲ್ಲ.

ಹಾಗಾದರೆ ಒಳ್ಳೆಯ ಹೊದಿಕೆ ಹೇಗಿರಬೇಕು? ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ ಇಲ್ಲಿ ದಾರಿ ತೋರಿಸುತ್ತದೆ. ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಪತಿ ಮಾರಯ್ಯನವರನ್ನು ಆ ತಾಯಿ ಹಿಂದಕ್ಕೆ ಕಳಿಸಿದರು. ಹೆಚ್ಚಾದದ್ದನ್ನು ಮೊದಲಿದ್ದ ಜಾಗದಲ್ಲೇ ಸುರಿದು ಬರಲು ಹೇಳಿದರು. ವಿನ್ಯಾಸದ ಮೊದಲ ಪಾಠವೂ ಅದೇ. ಹಾಡಿಗೆ ಬೇಡವಾದದ್ದನ್ನು ಮುಖಪುಟದಿಂದ ತೆಗೆಯಬೇಕು.

ಎರಡನೆಯ ಪಾಠ ಹೊಂದಾಣಿಕೆ. ಒಂದು ಸಂಗ್ರಹಕ್ಕೆ ಒಂದು ಮುಖ್ಯ ಚಿತ್ರ, ಒಂದು ಬಗೆಯ ಅಕ್ಷರ, ಎರಡು ಮೂರು ಬಣ್ಣ, ಹೆಸರುಗಳಿಗೆ ನಿಗದಿಯಾದ ಜಾಗ. ಇಷ್ಟನ್ನು ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಮುಖಪುಟ, ಪೋಸ್ಟರು, ಆಮಂತ್ರಣ, ವೇದಿಕೆಯ ಹಿಂಬದಿಯ ಪರದೆ, ಯೂಟ್ಯೂಬ್ ಚಿತ್ರ ಎಲ್ಲವೂ ಆ ಹಾಳೆಗೆ ಬದ್ಧವಾಗಿರಬೇಕು. ಒಂದು ಮನೆಯ ಮಕ್ಕಳಂತೆ ಮುಖದ ಹೋಲಿಕೆ ಇರಲಿ, ಪ್ರತಿಯೊಂದಕ್ಕೂ ತನ್ನದೇ ಗುಣವೂ ಇರಲಿ. ಈ ಹಾಳೆ ತಯಾರಾಗುವ ಮೊದಲು ವಿನ್ಯಾಸಕಾರರು ಹಾಡುಗಳನ್ನು ಪೂರ್ತಿ ಕೇಳಬೇಕು, ವಚನಗಳನ್ನು ಓದಬೇಕು, ಅರ್ಥವಾಗದ ಕಡೆ ಬಲ್ಲವರನ್ನು ಕೇಳಬೇಕು. ನಾಳೆ ಬಿಡುಗಡೆ ಇದೆ ಎಂದು ಇಂದು ರಾತ್ರಿ ಡಿಟಿಪಿ ಅಂಗಡಿಗೆ ಹೋದರೆ ಅಲ್ಲಿ ಸಿಗುವುದು ಹೋದ ವರ್ಷದ ಚಿತ್ರಕ್ಕೆ ಅಂಟಿಸಿದ ಹೊಸ ಹೆಸರು ಮಾತ್ರ.

ಒಂದು ಉದಾಹರಣೆ ನೋಡೋಣ. ಗಾಯಕರೊಬ್ಬರು ಕಾಯಕಜೀವಿ ಶರಣರ ಎಂಟು ವಚನಗಳನ್ನು ಹಾಡಿದ್ದಾರೆ ಎಂದುಕೊಳ್ಳಿ. ಯಾರ ಮುಖವನ್ನೂ ಕಲ್ಪಿಸುವ ತೊಂದರೆ ಬೇಡ, ಅವರ ಕಾಯಕವನ್ನೇ ಚಿತ್ರಿಸಬಹುದು. ನುಲಿಯ ಚಂದಯ್ಯನವರಿಗೆ ಹಗ್ಗ, ಮೇದಾರ ಕೇತಯ್ಯನವರಿಗೆ ಬಿದಿರಿನ ಬುಟ್ಟಿ, ಅಂಬಿಗರ ಚೌಡಯ್ಯನವರಿಗೆ ಹುಟ್ಟು, ಮೋಳಿಗೆ ಮಾರಯ್ಯನವರಿಗೆ ಕಟ್ಟಿಗೆಯ ಹೊರೆ, ಲಕ್ಕಮ್ಮನವರಿಗೆ ಹಿಡಿ ಅಕ್ಕಿ, ಕದಿರ ರೆಮ್ಮವ್ವೆಯವರಿಗೆ ನೂಲಿನ ಕದಿರು, ಸತ್ಯಕ್ಕನವರಿಗೆ ಪೊರಕೆ, ಮಡಿವಾಳ ಮಾಚಿದೇವರಿಗೆ ಒಗೆದ ಬಟ್ಟೆ. ಎಂಟಕ್ಕೂ ಒಂದೇ ಮಣ್ಣಿನ ಬಣ್ಣದ ಹಿನ್ನೆಲೆ, ಒಂದೇ ಅಳತೆ, ಒಂದೇ ಕೈಯ ರೇಖೆ. ಸಂಗ್ರಹದ ಮುಖಪುಟದಲ್ಲಿ ಎಂಟೂ ಒಂದೇ ಸಾಲಿನಲ್ಲಿ, ಯಾವುದೂ ದೊಡ್ಡದಲ್ಲ, ಯಾವುದೂ ಚಿಕ್ಕದಲ್ಲ. ಪೊರಕೆಯೂ ಹುಟ್ಟೂ ಸಮನಾಗಿ ನಿಂತದ್ದನ್ನು ಕಂಡ ಮಗುವಿಗೆ ಕಾಯಕದ ಸಮಾನತೆಯನ್ನು ಬೇರೆ ವಿವರಿಸಬೇಕಿಲ್ಲ. ಪ್ರಚಾರಕ್ಕೂ ಇದು ಅನುಕೂಲ. ಮೊದಲ ವಾರ ಹಗ್ಗದ ಚಿತ್ರದೊಡನೆ ಒಂದು ಹಾಡು, ಮುಂದಿನ ವಾರ ಬುಟ್ಟಿಯೊಡನೆ ಇನ್ನೊಂದು. ಮೂರನೆಯದು ಬರುವ ಹೊತ್ತಿಗೆ ಜನ ಹೆಸರು ಓದುವ ಮೊದಲೇ ಇದು ಆ ಸಂಗ್ರಹದ್ದು ಎಂದು ಗುರುತಿಸುತ್ತಾರೆ.

ಅಕ್ಷರದ ವಿಷಯದಲ್ಲಿ ನಾವು ಇನ್ನಷ್ಟು ಎಚ್ಚರವಾಗಿರಬೇಕು. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಸಾಲುಗಳನ್ನು ಹತ್ತಿರ ಒತ್ತಿದರೆ ಒಂದರ ಮೇಲೊಂದು ಹತ್ತುತ್ತವೆ. ಅಕ್ಷರದ ಸುತ್ತ ಹೊಳಪು, ನೆರಳು, ಬಂಗಾರದ ಅಂಚು ಹಾಕಿದರೆ ಮೊಬೈಲಿನಲ್ಲಿ ಏನೂ ಓದಲಾಗದು. ಬಲೂ ತಮ್ಮ, ನೋಟೋ, ತಿರೋ ಮುಂತಾದ ಯೂನಿಕೋಡ್ ಕನ್ನಡ ಅಕ್ಷರಗಳು ಇಂದು ಉಚಿತವಾಗಿ ಸಿಗುತ್ತವೆ. ಕೈಬರಹ ಬಲ್ಲ ಕಲಾವಿದರಿದ್ದರೆ ಶೀರ್ಷಿಕೆಯನ್ನು ಅವರಿಂದಲೇ ಬರೆಸುವುದು ಇನ್ನೂ ಒಳ್ಳೆಯದು. ಮುಖಪುಟ ಸಿದ್ಧವಾದ ಮೇಲೆ ಅದನ್ನು ಒಂದು ಅಂಗುಲಕ್ಕೆ ಕುಗ್ಗಿಸಿ ನೋಡಿ. ಹೆಸರು ಓದಲು ಬಂದರೆ ಸರಿ, ಬಾರದಿದ್ದರೆ ಇನ್ನಷ್ಟು ತೆಗೆಯಬೇಕು. ಹಾಡಿನ ತಾಣಗಳಿಗೆ 3000 ಪಿಕ್ಸೆಲ್ ಉದ್ದಗಲದ ಚೌಕ ಚಿತ್ರ, ಯೂಟ್ಯೂಬಿಗೆ 1280 ಅಗಲ 720 ಎತ್ತರದ ಅಡ್ಡ ಚಿತ್ರ ಬೇಕು. ಚೌಕವನ್ನೇ ಎಳೆದು ಅಗಲ ಮಾಡಿದರೆ ಶರಣರ ಮುಖವೂ ಅಗಲವಾಗುತ್ತದೆ. ಅಡ್ಡ ಚಿತ್ರವನ್ನು ಪ್ರತ್ಯೇಕವಾಗಿಯೇ ಜೋಡಿಸಬೇಕು. ಪರದೆಯ ಮೇಲೆ ಹೊಳೆಯುವ ಕೇಸರಿ ಅಚ್ಚಿನಲ್ಲಿ ಮಂಕಾಗುತ್ತದೆ. ಆದ್ದರಿಂದ ಮುದ್ರಣಕ್ಕೆ ಹೋಗುವ ಮೊದಲು ಒಂದು ಮಾದರಿ ಪ್ರತಿ ತೆಗೆದು ನೋಡಬೇಕು.

ಇನ್ನು ಫ್ಲೆಕ್ಸ್ ವಿಚಾರ. ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ಬ್ಯಾನರುಗಳಿಗೆ 2016ರಲ್ಲೇ ನಿಷೇಧ ಬಂದಿದೆ. ಆದರೂ ವಚನಗೀತೆಯ ಬಿಡುಗಡೆಗೆ ಊರ ತುಂಬ ಫ್ಲೆಕ್ಸ್ ಕಟ್ಟುತ್ತೇವೆ, ಮರುದಿನ ಅದು ಚರಂಡಿಯಲ್ಲಿರುತ್ತದೆ. ಬಸವಣ್ಣನವರ ಚಿತ್ರ ಚರಂಡಿಗೆ ಬೀಳುವುದಕ್ಕೆ ಹೊಣೆ ಯಾರು? ಬಟ್ಟೆಯ ಮೇಲೆ ಬರೆಸಿದ ಒಂದೇ ಬ್ಯಾನರು ಸಾಕು. ದಿನಾಂಕ ಬರೆಯದೆ ಶೀರ್ಷಿಕೆ ಮತ್ತು ಚಿತ್ರ ಮಾತ್ರ ಇಟ್ಟರೆ ಆ ಗಾಯಕರ ಎಲ್ಲ ಕಾರ್ಯಕ್ರಮಗಳಿಗೂ ಅದೇ ಒದಗುತ್ತದೆ.

ಹೆಸರುಗಳ ವಿಷಯ ಕಾನೂನಿಗೂ ಸೇರಿದ್ದು. ಧ್ವನಿಮುದ್ರಣ ಮಾಡಿಸಿದವರ ಮತ್ತು ಹಕ್ಕುದಾರರ ಹೆಸರು, ವಿಳಾಸ, ಮೊದಲ ಪ್ರಕಟಣೆಯ ವರ್ಷ ಇವುಗಳನ್ನು ಧ್ವನಿಮುದ್ರಿಕೆಯ ಮೇಲೂ ಅದರ ಹೊದಿಕೆಯ ಮೇಲೂ ಕಾಣಿಸಬೇಕು ಎಂದು ಕೃತಿಸ್ವಾಮ್ಯ ಕಾಯ್ದೆಯ 52ಎ ಕಲಂ ಹೇಳುತ್ತದೆ. 2012ರ ತಿದ್ದುಪಡಿಯು ಹಾಡಿದ, ನುಡಿಸಿದ ಕಲಾವಿದರಿಗೆ ತಮ್ಮ ಹೆಸರಿನಿಂದ ಗುರುತಿಸಿಕೊಳ್ಳುವ ಹಕ್ಕು ಕೊಟ್ಟಿದೆ. ಕಾನೂನು ಹೇಳಿತೆಂದು ನಾವು ಕಲಿಯಬೇಕಾದ ಪಾಠವಲ್ಲ ಇದು. ಅಂಬಿಗರ ಚೌಡಯ್ಯನವರು ತಮ್ಮ ಕಾಯಕವನ್ನೂ ಹೆಸರನ್ನೂ ಸೇರಿಸಿ ಅಂಕಿತ ಮಾಡಿಕೊಂಡವರು. ದೋಣಿ ನಡೆಸುವವನ ಹೆಸರು ಎಂಟು ನೂರು ವರ್ಷ ಉಳಿದುಬಂದ ಪರಂಪರೆಯಲ್ಲಿ ತಬಲಾ ನುಡಿಸಿದವರ ಹೆಸರು ಎಂಟು ತಿಂಗಳೂ ಉಳಿಯುವುದಿಲ್ಲವೆಂದರೆ ಏನರ್ಥ? ವಚನಕಾರರ ಹೆಸರು, ಅಂಕಿತ, ರಾಗ ಸಂಯೋಜಕರು, ಗಾಯಕರು, ವಾದ್ಯದವರು, ಧ್ವನಿಮುದ್ರಣಕಾರರು, ಚಿತ್ರಕಾರರು ಇವರೆಲ್ಲರೂ ಹಿಂಬದಿಯಲ್ಲಿ ಒಂದೇ ಅಳತೆಯ ಅಕ್ಷರದಲ್ಲಿ ಇರಲಿ. ಸಿ.ಡಿ. ಇಲ್ಲದ ಕಡೆ ಯೂಟ್ಯೂಬಿನ ವಿವರಣೆಯಲ್ಲಿ ಇರಲಿ.

ಚಿತ್ರಕಾರರ ಮಾತು ಬಂದಮೇಲೆ ಕೂಲಿಯ ಮಾತೂ ಬರಲೇಬೇಕು. ಮಠದ ಕೆಲಸ, ಧರ್ಮದ ಕೆಲಸ, ಹಣ ಕೇಳಬೇಡಿ ಎಂದು ವಿನ್ಯಾಸಕಾರರಿಗೆ ಹೇಳುವುದು ರೂಢಿಯಾಗಿದೆ. ಕಾಗದದ ಅಂಗಡಿಗೆ ಹಣ ಕೊಡುತ್ತೇವೆ, ಮುದ್ರಣಾಲಯಕ್ಕೆ ಕೊಡುತ್ತೇವೆ, ಶಾಮಿಯಾನದವರಿಗೆ ಕೊಡುತ್ತೇವೆ. ವಾರಗಟ್ಟಲೆ ಕಣ್ಣು ಬಳಲಿಸಿ ಕೆಲಸ ಮಾಡಿದ ಹುಡುಗಿಗೆ ಶಾಲು, ಹಣ್ಣು. ಇದು ದಾಸೋಹವಲ್ಲ. ದಾಸೋಹ ಎಂದರೆ ಕಾಯಕದಿಂದ ಗಳಿಸಿದವರು ತಾವಾಗಿ ಸಲ್ಲಿಸುವುದು. ಗಳಿಸಲು ಬಿಡದೆ ಕೇಳುವುದು ದಾಸೋಹದ ಹೆಸರಿನ ಬಿಟ್ಟಿ ದುಡಿಮೆ. ಮೊದಲೇ ಕೂಲಿ ಗೊತ್ತುಮಾಡಬೇಕು. ಎಷ್ಟು ಚಿತ್ರ, ಎಷ್ಟು ಬಾರಿ ತಿದ್ದುಪಡಿ, ಮುಂದೆ ಆ ಚಿತ್ರವನ್ನು ಯಾರು ಎಲ್ಲಿ ಬಳಸಬಹುದು ಎಂಬುದನ್ನು ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಮಾಡಬೇಕು. ಆಮೇಲೆ ಆಕೆ ಅದರಲ್ಲಿ ಒಂದು ಪಾಲನ್ನು ದಾಸೋಹಕ್ಕೆ ಕೊಟ್ಟರೆ ಅದು ನಿಜವಾದ ದಾಸೋಹ.

ಇದಕ್ಕೆ ಎದುರು ವಾದಗಳಿವೆ. ಪೂಜ್ಯರ ಭಾವಚಿತ್ರ ಇಲ್ಲದಿದ್ದರೆ ಭಕ್ತರು ಕೇಳುವುದಿಲ್ಲ, ದಾನಿಗಳ ಚಿತ್ರ ಇಲ್ಲದಿದ್ದರೆ ಹಣ ಬರುವುದಿಲ್ಲ ಎನ್ನುತ್ತಾರೆ. ಹಣದ ಕಷ್ಟ ನಿಜ. ಒಂದು ಸಂಗ್ರಹ ಹೊರಬರಲು ದಾನಿಗಳು ಬೇಕೇ ಬೇಕು. ಅವರ ಉಪಕಾರವನ್ನು ಒಳಪುಟದಲ್ಲಿ ಗೌರವದಿಂದ ನೆನೆಯೋಣ, ಬಿಡುಗಡೆಯ ವೇದಿಕೆಯಲ್ಲಿ ಹೆಸರು ಹೇಳೋಣ. ಪೂಜ್ಯರ ಆಶೀರ್ವಚನಕ್ಕೆ ಒಂದು ಪುಟವನ್ನೇ ಮೀಸಲಿಡೋಣ. ಆದರೆ ಮುಖಪುಟ ಮಾತ್ರ ವಚನಕ್ಕೆ ಮತ್ತು ಹಾಡಿಗೆ ಸೇರಿದ್ದು. ಪರ ಊರಿನ, ಪರ ಭಾಷೆಯ ಒಬ್ಬ ಹುಡುಗ ಮೊಬೈಲಿನಲ್ಲಿ ಹುಡುಕುವಾಗ ನಮ್ಮ ದಾನಿಗಳ ಮುಖ ಅವನಿಗೆ ಏನೂ ಹೇಳುವುದಿಲ್ಲ. ವಚನದ ಬೆಳಕು ಕಂಡರೆ ಅವನು ನಿಲ್ಲುತ್ತಾನೆ. ಅಲ್ಲದೆ ದೂರವಾಣಿ ಸಂಖ್ಯೆ, ಜಾಲತಾಣದ ವಿಳಾಸ, ಜಾಹೀರಾತು ತುಂಬಿದ ಮುಖಪುಟಗಳನ್ನು ದೊಡ್ಡ ಸಂಗೀತ ತಾಣಗಳು ಒಪ್ಪುವುದಿಲ್ಲ, ಹಿಂದಿರುಗಿಸುತ್ತವೆ.

ವಚನಗಳಿಗೆ ತಕ್ಕ ರೂಪ ಕೊಡುವುದು ಹೊಸ ಬಯಕೆಯೇನಲ್ಲ. ಫ.ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು. ಮುಂದೆ ಇದ್ದ ಮನೆಯನ್ನೂ ಮಾರಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ನಡೆಸಿದರು. ತಾಡೋಲೆಯ ವಚನ ಜನರ ಕೈಗೆ ತಲುಪಬೇಕಾದರೆ ಅದು ಹೋಗುವ ರೂಪದ ಬಗ್ಗೆಯೂ ಶ್ರಮ ಪಡಬೇಕು ಎಂದು ಅವರಿಗೆ ತಿಳಿದಿತ್ತು. ಅವರಂತೆ ಮನೆ ಮಾರಬೇಕೆಂದು ಇಂದು ಯಾರೂ ನಮ್ಮನ್ನು ಕೇಳುತ್ತಿಲ್ಲ. ಮುಖಪುಟದಿಂದ ಕೆಲವು ಮುಖಗಳನ್ನು ತೆಗೆಯಿರಿ ಎಂದಷ್ಟೇ ಕೇಳಬೇಕಾಗಿದೆ.

ವಚನಗೀತೆ ಹೊರತರುವ ಮಠಗಳು, ಬಸವಕೇಂದ್ರಗಳು, ಅಕ್ಕನ ಬಳಗಗಳು ಈ ವರ್ಷ ಮೂರು ಕೆಲಸ ಮಾಡಲಿ. ಬಿಡುಗಡೆಗೆ ಎರಡು ತಿಂಗಳು ಮೊದಲೇ ಚಿತ್ರಕಾರರನ್ನು ಕರೆಯಲಿ. ಅವರ ಕೂಲಿಯನ್ನು ಖರ್ಚಿನ ಪಟ್ಟಿಯಲ್ಲಿ ಮೊದಲ ಸಾಲಿಗೆ ಬರೆಯಲಿ. ಅಚ್ಚಿಗೆ ಹೋಗುವ ಮೊದಲು ಮುಖಪುಟವನ್ನೂ ವಚನವನ್ನೂ ಪಕ್ಕದಲ್ಲಿಟ್ಟು, ಇವೆರಡೂ ಒಂದೇ ಮಾತು ಹೇಳುತ್ತಿವೆಯೇ ಎಂದು ನಾಲ್ವರು ಕೂತು ನೋಡಲಿ. ಹೇಳುತ್ತಿಲ್ಲವಾದರೆ ತಿದ್ದಬೇಕಾದದ್ದು ಮುಖಪುಟವನ್ನು.