ಮೃತರ ಆಸ್ತಿ ಮತ್ತು ಲೆಕ್ಕವಿಲ್ಲದ ಭೀತಿ

2024ರ ಲೋಕಸಭಾ ಚುನಾವಣೆ ಕಾವೇರಿದ್ದ ಏಪ್ರಿಲ್ ತಿಂಗಳಲ್ಲಿ ಕಾಂಗ್ರೆಸ್ಸಿನ ಸ್ಯಾಮ್ ಪಿತ್ರೋಡ ಅವರು ಅಮೇರಿಕದ ವಾರಸು ತೆರಿಗೆಯ ಪ್ರಸ್ತಾಪವೆತ್ತಿದರು. ಅಲ್ಲಿ ಹತ್ತು ಕೋಟಿ ಡಾಲರ್ ಬಿಟ್ಟು ತೀರಿಕೊಂಡವನ ಮಕ್ಕಳಿಗೆ ಶೇ. 45 ಮಾತ್ರ ದಕ್ಕಬಹುದು, ಉಳಿದುದು ಸರಕಾರಕ್ಕೆ ಎಂಬುದು ಅವರ ಮಾತಿನ ತಾತ್ಪರ್ಯ. ಅದಕ್ಕೆ ಮೂರು ದಿನ ಮೊದಲು ಬಾನ್ಸ್‌ವಾಡಾದಲ್ಲಿ ಪ್ರಧಾನಿಯವರು ಮಂಗಳಸೂತ್ರದ ಮಾತೆತ್ತಿ, ನಿಮ್ಮ ಸಂಪತ್ತು ಮುಸ್ಲಿಮರ ಪಾಲಾಗುತ್ತದೆಂಬ ಭೀತಿಯನ್ನು ಬಿತ್ತಿದ್ದರು. ಪಿತ್ರೋಡರ ಹೇಳಿಕೆ ಆ ಬೆಂಕಿಗೆ ತುಪ್ಪವಾಯಿತು. ಕಾಂಗ್ರೆಸ್ ಕೈ ತೊಳೆದುಕೊಂಡಿತು.

ಈ ಗದ್ದಲದಲ್ಲಿ ಸೊರಗಿದ್ದು ಲೆಕ್ಕ. ಅಮೇರಿಕದಲ್ಲಿ ಮೃತನ ಮನೆ, ಜಮೀನು, ಷೇರು, ಠೇವಣಿಗಳಿಗೆಲ್ಲ ಮರಣದ ದಿನದ ಮಾರುಕಟ್ಟೆ ಬೆಲೆ ಕಟ್ಟುತ್ತಾರೆ. ಅದರಿಂದ ಸಾಲ, ಅಂತ್ಯಕ್ರಿಯೆಯ ವೆಚ್ಚ, ಪತಿ ಅಥವಾ ಪತ್ನಿಗೆ ಸೇರುವ ಪಾಲು, ದಾನಧರ್ಮಕ್ಕೆ ಬಿಟ್ಟದ್ದನ್ನು ಕಳೆಯುತ್ತಾರೆ. ಸಾಲ ತೀರದೆ ಆಸ್ತಿ ಹಂಚುವಂತಿಲ್ಲವೆಂಬ ನಿಯಮವನ್ನು ಬಲ್ಲ ನಮ್ಮ ಓದುಗರಿಗೆ ಈ ಕ್ರಮ ಅಪರಿಚಿತವೇನಲ್ಲ. ಉಳಿದುದರಲ್ಲಿ 2024ರಲ್ಲಿ 1.36 ಕೋಟಿ ಡಾಲರ್‌ವರೆಗೆ ವಿನಾಯಿತಿಯಿತ್ತು. 2026ರಿಂದ ಅದು 1.5 ಕೋಟಿ. ಅದಕ್ಕೂ ಮೀರಿದ್ದಕ್ಕೆ ಮಾತ್ರ ಶೇ. 40 ತೆರಿಗೆ. ಯಾವ ಕಡಿತವೂ ಇಲ್ಲದ ಹತ್ತು ಕೋಟಿಯ ಆಸ್ತಿಗೂ 2024ರಲ್ಲಿ ಕೇಂದ್ರ ಸರಕಾರದ ತೆರಿಗೆ ಸುಮಾರು 3.46 ಕೋಟಿ. ಕೆಲವು ರಾಜ್ಯಗಳು ಪ್ರತ್ಯೇಕ ತೆರಿಗೆ ವಿಧಿಸುತ್ತವೆ ನಿಜ. ಆದರೆ ಮಧ್ಯಮ ವರ್ಗದ ಮನೆಯ ಹತ್ತಿರಕ್ಕೂ ಕೇಂದ್ರದ ಈ ತೆರಿಗೆ ಸುಳಿಯುವುದಿಲ್ಲ. ಹಾಗಿರುವಾಗ ಮಂಗಳಸೂತ್ರ ಇಲ್ಲಿಗೆ ಬಂದದ್ದೆಲ್ಲಿಂದ?

ನಮ್ಮ ದೇಶಕ್ಕೂ ಈ ತೆರಿಗೆ ಹೊಸತಲ್ಲ. 1953ರಲ್ಲಿ ಎಸ್ಟೇಟ್ ಡ್ಯೂಟಿ ಕಾಯಿದೆ ಬಂತು. ಒಂದು ಹಂತದಲ್ಲಿ 20 ಲಕ್ಷ ರೂ. ಮೀರಿದ ಭಾಗಕ್ಕೆ ತೆರಿಗೆ ಶೇ. 85ಕ್ಕೇರಿತು. ಬದುಕಿದ್ದಾಗ ಸಂಪತ್ತು ತೆರಿಗೆ, ಸತ್ತ ಮೇಲೆ ಇನ್ನೊಂದು. ಬೆಲೆ ಕಟ್ಟುವಲ್ಲಿ ವ್ಯಾಜ್ಯ. 1985ರಲ್ಲಿ ಹಣಕಾಸು ಸಚಿವ ವಿ.ಪಿ. ಸಿಂಗ್ ಅದನ್ನು ರದ್ದುಪಡಿಸಿದಾಗ ಅದರ ವಾರ್ಷಿಕ ಆದಾಯ ಬರೇ 20 ಕೋಟಿ ರೂಪಾಯಿಯ ಆಸುಪಾಸು. ಸೋತದ್ದು ತತ್ವವಲ್ಲ, ವಿವೇಚನೆಯಿಲ್ಲದ ದರ ಮತ್ತು ಲೆಕ್ಕಾಚಾರ.

2022-23ರಲ್ಲಿ ದೇಶದ ಸಂಪತ್ತಿನ ಶೇ. 40ರಷ್ಟು ಕೇವಲ ಶೇ. 1 ಮಂದಿಯ ಕೈಯಲ್ಲಿತ್ತೆಂದು ವಿಶ್ವ ಅಸಮಾನತೆ ಪ್ರಯೋಗಾಲಯದ ಅಧ್ಯಯನ ಹೇಳಿತು. ಬೆಂಕಿಪೊಟ್ಟಣ ಕೊಳ್ಳುವ ಕೂಲಿಯೂ ತೆರಿಗೆ ತೆರುವ ಈ ನಾಡಿನಲ್ಲಿ, ಬೆವರು ಸುರಿಸದೆ ನೂರಾರು ಕೋಟಿ ಪಡೆಯುವ ವಾರಸುದಾರ ಆ ಕಾರಣಕ್ಕೆ ನಯಾಪೈಸೆ ತೆರಿಗೆ ಕೊಡಬೇಕಿಲ್ಲ. ಇದು ನ್ಯಾಯವೇ?

ಶೇ. 85ರ ಕಾಲಕ್ಕೆ ಮರಳಬೇಕೆಂದು ನಾವು ಹೇಳುತ್ತಿಲ್ಲ. ವಾಸದ ಮನೆ, ಬೇಸಾಯದ ಭೂಮಿ, ಸಾಲಗಳನ್ನು ಬಿಟ್ಟು, ಎತ್ತರದ ಮಿತಿಯಿಟ್ಟು, ಮಿತವಾದ ದರದಲ್ಲಿ ಈ ತೆರಿಗೆ ಬರಲಿ ಎನ್ನುತ್ತೇವೆ. ವಿರೋಧಿಸುವವರು ವಿರೋಧಿಸಲಿ, ಆದರೆ ಅಂಕಿಗಳನ್ನು ಮುಂದಿಟ್ಟು ವಿರೋಧಿಸಲಿ. ಕೋಟ್ಯಧೀಶರ ತಿಜೋರಿಯನ್ನು ಕಾಯಲು ಬಡವರನ್ನು ಪರಸ್ಪರ ಹೆದರಿಸುವ ರಾಜಕೀಯ ಕೊನೆಗೊಳ್ಳಲಿ.