ಆಗ ಊಟ ಎಲ್ಲಿಂದ ಬರುತ್ತಿತ್ತು?

ಹೋದ ವರ್ಷ ಯುಗಾದಿ ಮುಗಿದ ವಾರ ನನ್ನ ತಮ್ಮ ಬೆಂಗಳೂರಿನಿಂದ ವಾಪಸ್ ಬಂದ. ಹೆಗಲಲ್ಲಿ ಒಂದು ಬ್ಯಾಗು, ಮೊಬೈಲಿನಲ್ಲಿ ಅವನು ನಟಿಸಿದ್ದ ನಾಲ್ಕು ನಿಮಿಷದ ಒಂದು ವಿಡಿಯೊ. ಆ ವಿಡಿಯೊಗೆ ನಮ್ಮ ಮನೆ ಕೊಟ್ಟ ಬೆಲೆ 35 ಸಾವಿರ ರೂಪಾಯಿ. ಮೂರು ತಿಂಗಳು ನಟನೆ ಕಲಿಸುತ್ತೇವೆ, ಆಮೇಲೆ ಸಿನಿಮಾದಲ್ಲಿ ಪಾತ್ರ ಕೊಡಿಸುತ್ತೇವೆ ಎಂದಿದ್ದ ಜಾಗವೊಂದು ದುಡ್ಡು ತೆಗೆದುಕೊಂಡು, ಐದು ವಾರ ಪಾಠ ಮಾಡಿ, ಬೀಗ ಹಾಕಿಕೊಂಡು ಹೋಗಿತ್ತು. ದುಡ್ಡು ಬಂದಿದ್ದು ಆ ವರ್ಷದ ಕಡಲೆಕಾಯಿ ಮತ್ತು ಎರಡು ಕುರಿ ಮಾರಿ. ಐ.ಡಿ.ಹಳ್ಳಿ ಕಡೆಯ ಮಳೆ ಹೇಗೆಂದು ಬಲ್ಲವರಿಗೆ ಆ ಕಡಲೆಕಾಯಿಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಪ್ಪ ಬೈಯಲಿಲ್ಲ. ರಾತ್ರಿ ಮುದ್ದೆ ಮುರಿಯುತ್ತಾ ಒಂದೇ ಮಾತು ಕೇಳಿದರು: "ಅಲ್ಲ ಕಣಪ್ಪಾ, ಅಷ್ಟೆಲ್ಲ ಹೆಸರು ಮಾಡಿದೋರು ಅವ್ರಲ್ಲ, ಹೆಸರು ಬರೋಕೆ ಮುಂಚೆ ಅವ್ರಿಗೆ ಊಟ ಎಲ್ಲಿಂದ ಬರ್ತಿತ್ತು?"

ತಮ್ಮ ಉತ್ತರ ಕೊಡಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ. ನಾನು ಬಿ.ಎ., ಬಿ.ಇಡಿ. ಮುಗಿಸಿ ಎರಡು ವರ್ಷದಿಂದ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವವಳು. ಯಾರಿಗೆ ಯಾವ ವರ್ಷ ಯಾವ ಪ್ರಶಸ್ತಿ ಬಂತು ಎಂದು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ಅಪ್ಪ ಕೇಳಿದ ಪ್ರಶ್ನೆ ಮಾತ್ರ ನನ್ನ ಯಾವ ಗೈಡಿನಲ್ಲೂ ಇರಲಿಲ್ಲ. ಅವತ್ತಿನಿಂದ ಕಲಾವಿದರ ಜೀವನ ಕಥೆ ಎಲ್ಲಿ ಸಿಕ್ಕಿದರೂ ಪ್ರಶಸ್ತಿಗಳ ಪುಟ ಬಿಟ್ಟು, ಅದಕ್ಕೂ ಹಿಂದಿನ ಪುಟಗಳನ್ನು ಓದುವುದು ಅಭ್ಯಾಸವಾಯಿತು.

ತಮ್ಮ ಮೊದಲಿಗೆ ನನ್ನ ಮುಂದಿಟ್ಟಿದ್ದು ಎನ್.ಟಿ. ರಾಮರಾವ್ ಅವರ ಕಥೆ. ನಾವು ಗಡಿಯ ಜನ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಸಿನಿಮಾಕ್ಕೆ ಹಿಂದೂಪುರ. ಆ ಹಿಂದೂಪುರದಿಂದಲೇ ಎನ್‌ಟಿಆರ್ 1985, 1989 ಮತ್ತು 1994ರಲ್ಲಿ ಗೆದ್ದು ಶಾಸಕರಾದರು. ಈಗ ಅಲ್ಲಿನ ಶಾಸಕರು ಅವರ ಮಗ ಬಾಲಕೃಷ್ಣ. "ಅಕ್ಕಾ, ಅವ್ರು ಸಬ್ ರಿಜಿಸ್ಟ್ರಾರ್ ಕೆಲ್ಸನ ಮೂರೇ ವಾರಕ್ಕೆ ಬಿಟ್ರು. ನೀನು ಅದೇ ಕೆಲ್ಸಕ್ಕೆ ಎರಡು ವರ್ಷದಿಂದ ಓದ್ತಾ ಇದೀಯ" ಎಂದ. ನಗು ಬಂತು, ಸಿಟ್ಟೂ ಬಂತು. ಅವನು ಹೇಳಿದ್ದು ನಿಜವೇ. ಆದರೆ ಅವರು ಕೆಲಸ ಬಿಟ್ಟಿದ್ದು ಸಿನಿಮಾದವರ ಕರೆ ಬಂದ ಮೇಲೆ. ಕಾಲೇಜಿನಲ್ಲೇ ನಾಟಕ ಆಡಿ ಪಳಗಿದ್ದವರು ಬೇರೆ. ಹೇಳುವವರು ಬಾಯಿಂದ ಬಾಯಿಗೆ ದಾಟಿಸುವಾಗ 'ಬಿಟ್ಟರು' ಎಂಬುದಷ್ಟೇ ಉಳಿದುಕೊಂಡಿದೆ.

ರಜನಿಕಾಂತ್ ಅವರದ್ದೂ ಹಾಗೇ. ಬೆಂಗಳೂರಿನ ಬಸ್ ಕಂಡಕ್ಟರ್ ಸೂಪರ್‌ಸ್ಟಾರ್ ಆದ ಕಥೆ ಯಾರಿಗೆ ಗೊತ್ತಿಲ್ಲ? ಆದರೆ ಟಿಕೆಟ್ ಚೀಲಕ್ಕೂ ಬೆಳ್ಳಿತೆರೆಗೂ ನಡುವೆ ಮದ್ರಾಸಿನ ಫಿಲ್ಮ್ ಇನ್‌ಸ್ಟಿಟ್ಯೂಟ್ ಇತ್ತು. ಅಲ್ಲಿ ಓದುವಾಗ, ಅದೇ ಬಸ್ಸಿನ ಚಾಲಕರಾಗಿದ್ದ ಗೆಳೆಯ ರಾಜ್ ಬಹದ್ದೂರ್ ತಮ್ಮ ಸಂಬಳದಲ್ಲಿ ಪಾಲು ಕಳಿಸುತ್ತಿದ್ದರು. ಮೂವತ್ತು ಸೆಕೆಂಡಿನ ರೀಲ್ಸ್‌ನಲ್ಲಿ ಚಾಲಕನಿಗೆ ಜಾಗ ಸಿಗುವುದಿಲ್ಲ. ನನಗಂತೂ ಆ ಕಥೆಯ ನಾಯಕ ಅವರೇ ಅನ್ನಿಸುತ್ತದೆ.

ಅಪ್ಪನ ಪ್ರಶ್ನೆಗೆ ಅತ್ಯಂತ ನೇರವಾದ ಉತ್ತರ ಸಿಕ್ಕಿದ್ದು ನಮ್ಮ ತುಮಕೂರು ಜಿಲ್ಲೆಯಲ್ಲೇ. ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಗುಬ್ಬಿ ವೀರಣ್ಣನವರ ಕಾಲದಲ್ಲಿ ಅದು ಬೆಳೆದ ಬಗೆ, 'ಕುರುಕ್ಷೇತ್ರ' ನಾಟಕಕ್ಕೆ ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದದ್ದು ಎಲ್ಲ ನಾವು ಕೇಳಿರುವಂಥದ್ದೇ. ಆದರೆ ಕಂಪನಿ ಎಂದರೆ ಬರೀ ನಾಟಕವಲ್ಲ. ಅದೊಂದು ಊರು. ಬೆಳಿಗ್ಗೆ ಎಲ್ಲರಿಗೂ ಒಟ್ಟಿಗೆ ಅಡುಗೆ, ಮಧ್ಯಾಹ್ನ ತಾಲೀಮು, ರಾತ್ರಿ ಆಟ. ಹುಡುಗರಾಗಿ ಸೇರಿದವರು ಅಲ್ಲೇ ಉಂಡು, ಅಲ್ಲೇ ಮಲಗಿ, ಪರದೆ ಎಳೆಯುವುದರಿಂದ ಹಿಡಿದು ಹಾಡುವವರೆಗೆ ಕಲಿಯುತ್ತಿದ್ದರು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ ಶಾಲೆಯಲ್ಲಿ ಹೆಚ್ಚು ಓದಲಿಲ್ಲ. ಅಪ್ಪನ ಜೊತೆ ಕಂಪನಿಯಲ್ಲೇ ಬೆಳೆದ. 1954ರಲ್ಲಿ 'ಬೇಡರ ಕಣ್ಣಪ್ಪ' ಬಂದಾಗ ರಾಜ್‌ಕುಮಾರ್ ಎಂಬ ಹೊಸ ನಟನನ್ನು ಜನ ನೋಡಿದರು. ಆದರೆ ಆ ಹೊಸಬನ ಬೆನ್ನಿಗೆ ವರ್ಷಗಟ್ಟಲೆಯ ನಾಟಕದ ರಾತ್ರಿಗಳಿದ್ದವು. ಅದೇ ಚಿತ್ರದಲ್ಲಿ ತೆರೆಗೆ ಬಂದ ನಮ್ಮ ತಿಪಟೂರಿನ ನರಸಿಂಹರಾಜು ಅವರದ್ದೂ ರಂಗಭೂಮಿಯ ದಾರಿಯೇ. ಮುಂದೆ ಸಂಸ್ಕೃತದಲ್ಲಿ 'ಆದಿ ಶಂಕರಾಚಾರ್ಯ' ಚಿತ್ರ ಮಾಡಿದ ಜಿ.ವಿ. ಅಯ್ಯರ್ ಕೂಡ ಬಾಲಕನಾಗಿದ್ದಾಗಲೇ ಗುಬ್ಬಿ ಕಂಪನಿ ಸೇರಿದವರು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಬಿ.ವಿ. ಕಾರಂತರು. ಬಂಟ್ವಾಳದ ಕಡೆಯ ಹುಡುಗ, ಮನೆ ಬಿಟ್ಟು ಓಡಿಬಂದು ಗುಬ್ಬಿ ಕಂಪನಿ ಸೇರಿದ. ಓಡಿಬಂದ ಹುಡುಗನನ್ನು ವೀರಣ್ಣನವರು ಸಣ್ಣಪುಟ್ಟ ಪಾತ್ರಕ್ಕೆ ಇಟ್ಟುಕೊಂಡು ಸುಮ್ಮನಿರಬಹುದಿತ್ತು. ಅವರು ಎಂ.ಎ. ಓದಲು ಕಾಶಿಗೆ ಕಳಿಸಿದರು! ಅಲ್ಲಿಂದ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ, ಮುಂದೆ ಅದರ ನಿರ್ದೇಶಕನ ಕುರ್ಚಿ, ನಡುವೆ 'ಚೋಮನ ದುಡಿ', 1989ರಲ್ಲಿ ಮೈಸೂರಿನ ರಂಗಾಯಣ. ಇಷ್ಟಕ್ಕೂ ಬೇರು ಗುಬ್ಬಿ ಕಂಪನಿಯ ಅಡುಗೆಮನೆಯಲ್ಲಿದೆ ಎಂದರೆ ಅತಿಶಯೋಕ್ತಿ ಅನ್ನಬೇಡಿ.

ಇದು ನಮ್ಮಲ್ಲಿ ಮಾತ್ರ ಎಂದುಕೊಂಡಿದ್ದೆ. ಲಂಡನ್ನಿನ ಚಾರ್ಲಿ ಚಾಪ್ಲಿನ್ ಬಾಲ್ಯ ಅನಾಥಾಶ್ರಮದಂಥ ಜಾಗಗಳಲ್ಲಿ ಕಳೆದದ್ದು ಪಠ್ಯದಲ್ಲಿ ಓದಿರುತ್ತೇವೆ. ಅವರನ್ನು ಕಲಾವಿದನನ್ನಾಗಿ ತಿದ್ದಿದ್ದು 1908ರಲ್ಲಿ ಸೇರಿದ ಫ್ರೆಡ್ ಕಾರ್ನೊ ಎಂಬುವವರ ಪ್ರಹಸನ ಕಂಪನಿ. ಅದರ ಜೊತೆಗೇ ಅಮೆರಿಕಕ್ಕೆ ಪ್ರವಾಸ ಹೋದಾಗ ಸಿನಿಮಾದವರ ಕಣ್ಣಿಗೆ ಬಿದ್ದು, 1914ರಲ್ಲಿ ತೆರೆಯ ಮೇಲೆ ಬಂದರು. ಲಾರೆಲ್ ಮತ್ತು ಹಾರ್ಡಿ ಜೋಡಿಯ ಸ್ಟಾನ್ ಲಾರೆಲ್ ಸಹ ಅದೇ ತಂಡದವರು. ಗುಬ್ಬಿಗೂ ಲಂಡನ್ನಿಗೂ ಎಷ್ಟು ದೂರ! ಆದರೂ ಒಂದೇ ಏರ್ಪಾಡು: ಅನ್ನ ಹಾಕುವ ಜಾಗವೇ ವಿದ್ಯೆಯನ್ನೂ ಕಲಿಸುತ್ತಿತ್ತು.

ಸಂಗೀತಗಾರರ ಕಥೆ ಇನ್ನೂ ಕಠಿಣ. ಭೀಮಸೇನ ಜೋಶಿಯವರು ಗದುಗಿನ ಮನೆ ಬಿಟ್ಟಿದ್ದು 1933ರಲ್ಲಿ, ಹನ್ನೊಂದನೇ ವಯಸ್ಸಿಗೆ. ಗುರುವನ್ನು ಹುಡುಕುತ್ತಾ ಟಿಕೆಟ್ ಇಲ್ಲದೆ ರೈಲಿನಲ್ಲಿ ಉತ್ತರ ಭಾರತವೆಲ್ಲ ಅಲೆದು, ಕೊನೆಗೆ ಗುರು ಸಿಕ್ಕಿದ್ದು ಮನೆಯ ಹತ್ತಿರದ ಕುಂದಗೋಳದಲ್ಲಿ, ಸವಾಯಿ ಗಂಧರ್ವರ ಮನೆಯಲ್ಲಿ. ಅಲ್ಲಿ ನೀರು ಹೊರುವುದೂ ಪಾಠದ ಭಾಗವೇ ಆಗಿತ್ತು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಅದೇ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಕಲಿತು ಬರುತ್ತಿದ್ದರು. ಹೆಣ್ಣುಮಗಳಾದ ಅವರಿಗೆ ಗುರುವಿನ ಮನೆಯಲ್ಲೇ ಉಳಿದು ಕಲಿಯುವ ಸೌಲಭ್ಯ ಇರಲಿಲ್ಲ. ದಿನದ ಓಡಾಟವೇ ದಾರಿ. ಸಂಜೆ ಆರರ ಮೇಲೆ ಮಧುಗಿರಿಯ ಗ್ರಂಥಾಲಯದಿಂದ ಊರಿನ ಬಸ್ಸಿಗೆ ಓಡುವಾಗ ನನಗೆ ಆ ರೈಲು ನೆನಪಾಗುತ್ತದೆ.

ಹಾಗಂತ ಎಲ್ಲರಿಗೂ ಕಂಪನಿಯೋ ಗುರುಮನೆಯೋ ಸಿಗಲಿಲ್ಲ. ಸಿಗದವರು ಏನು ಮಾಡಿದರು? ಕೆಲಸಕ್ಕೆ ಹೋದರು. ಸತ್ಯಜಿತ್ ರಾಯ್ ಕೋಲ್ಕತ್ತದ ಜಾಹೀರಾತು ಕಂಪನಿಯಲ್ಲಿ ಚಿತ್ರ ಬರೆಯುವ ನೌಕರಿಯಲ್ಲಿದ್ದುಕೊಂಡೇ ರಜೆಯ ದಿನಗಳಲ್ಲಿ 'ಪಥೇರ್ ಪಾಂಚಾಲಿ' ಚಿತ್ರೀಕರಿಸಿದರು. ಚಿತ್ರ ಮುಗಿಯುವವರೆಗೂ ಆ ನೌಕರಿ ಬಿಡಲಿಲ್ಲ. ಹೆಂಡತಿಯ ಒಡವೆ ಅಡವಿಡುವಷ್ಟು ಕಷ್ಟ ಬಂದು, ಕೊನೆಗೆ ಪಶ್ಚಿಮ ಬಂಗಾಳ ಸರ್ಕಾರದ ಹಣದಿಂದ 1955ರಲ್ಲಿ ಚಿತ್ರ ತೆರೆ ಕಂಡಿತು. ಇರಾನಿನ ಅಬ್ಬಾಸ್ ಕಿಯಾರೊಸ್ತಮಿ ಟೆಹರಾನಿನಲ್ಲಿ ಚಿತ್ರಕಲೆ ಓದುವಾಗ ಸಂಚಾರ ಪೊಲೀಸ್ ಕೆಲಸ ಮಾಡಿದವರು; ಮುಂದೆ ಮಕ್ಕಳಿಗಾಗಿ ಇದ್ದ ಒಂದು ಸರ್ಕಾರಿ ಸಂಸ್ಥೆಯಲ್ಲಿ ಸುಮಾರು ಎರಡು ದಶಕ ಇದ್ದುಕೊಂಡು ಚಿತ್ರ ಮಾಡಿದರು. ಅಮೆರಿಕದ ಸಂಗೀತ ಸಂಯೋಜಕ ಫಿಲಿಪ್ ಗ್ಲಾಸ್ ನಲವತ್ತು ದಾಟುವವರೆಗೂ ಟ್ಯಾಕ್ಸಿ ಓಡಿಸಿದರು, ಕೊಳಾಯಿ ರಿಪೇರಿ ಮಾಡಿದರು. ನ್ಯೂಯಾರ್ಕಿನ ದೊಡ್ಡ ರಂಗಮಂದಿರದಲ್ಲಿ ಅವರ ಒಪೆರಾ ನಡೆದದ್ದು 1976ರಲ್ಲಿ. ಆಮೇಲೂ ಅವರು ಟ್ಯಾಕ್ಸಿಗೇ ಮರಳಿದರು!

ನಮ್ಮ ಪಕ್ಕದ ಸಿರಾ ತಾಲ್ಲೂಕಿನ ಬರಗೂರಿನವರಾದ ಬರಗೂರು ರಾಮಚಂದ್ರಪ್ಪನವರೂ ಕನ್ನಡ ಮೇಷ್ಟ್ರಾಗಿದ್ದುಕೊಂಡೇ ಕಾದಂಬರಿ ಬರೆದರು, ಸಿನಿಮಾ ನಿರ್ದೇಶಿಸಿದರು. ರಿಷಬ್ ಶೆಟ್ಟಿ ಅವಕಾಶ ಹುಡುಕುವ ದಿನಗಳಲ್ಲಿ ನೀರಿನ ಕ್ಯಾನ್ ಮಾರಿದ್ದನ್ನು ಅವರೇ ಹೇಳಿಕೊಂಡಿದ್ದಾರೆ.

ಕೆಲಸವನ್ನೇ ಬಿಟ್ಟು ಬಂದವರು ಇಲ್ಲವೇ? ಇದ್ದಾರೆ. ಗಿರೀಶ ಕಾಸರವಳ್ಳಿ ಔಷಧ ವಿಜ್ಞಾನ ಓದಿದವರು, ಮೈಸೂರಿನಲ್ಲಿ ಎಂಬಿಬಿಎಸ್ ಮುಗಿಸಿದವರು ಚಿದಾನಂದ ನಾಯ್ಕ್. ಇಬ್ಬರೂ ಆ ದಾರಿ ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ಗೆ ಹೋದರು. ಕಾಸರವಳ್ಳಿಯವರ 'ಘಟಶ್ರಾದ್ಧ' ರಾಷ್ಟ್ರಪತಿಗಳ ಸ್ವರ್ಣಕಮಲ ಪಡೆಯಿತು. ಚಿದಾನಂದ ಅವರ ಕಿರುಚಿತ್ರ 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ತಂದಿತು. ಅದು ಕೋಳಿ ಕದ್ದು ಊರಿಗೆ ಬೆಳಕೇ ಇಲ್ಲದಂತೆ ಮಾಡಿದ ಮುದುಕಿಯ ನಮ್ಮ ಜನಪದ ಕಥೆ. ಗಮನಿಸಿ, ಆ ವಿಭಾಗಕ್ಕೆ ಚಿತ್ರ ಕಳಿಸಬೇಕಾದರೆ ಯಾವುದಾದರೂ ಸಿನಿಮಾ ಶಾಲೆಯ ವಿದ್ಯಾರ್ಥಿಯಾಗಿರಬೇಕು. ಅವರಿಬ್ಬರೂ ಒಂದು ಬಾಗಿಲು ಮುಚ್ಚಿ ಇನ್ನೊಂದು ಬಾಗಿಲೊಳಗೆ ಹೋದವರು. ನನ್ನ ತಮ್ಮ ಬಾಗಿಲು ಮುಚ್ಚಿ ಬೀದಿಗೆ ಹೋಗಿದ್ದ. ತಪ್ಪು ಅವನೊಬ್ಬನದೇ ಅಲ್ಲ. ನಿಜವಾದ ಬಾಗಿಲು ಎಲ್ಲಿದೆ ಎಂದು ಪಿಯುಸಿಯಲ್ಲಾಗಲಿ, ಡಿಗ್ರಿಯಲ್ಲಾಗಲಿ ಅವನಿಗೆ ಯಾರೂ ಹೇಳಿರಲಿಲ್ಲ. ಸುಳ್ಳು ಬಾಗಿಲಿನ ಜಾಹೀರಾತು ಮಾತ್ರ ದಿನಕ್ಕೆ ಹತ್ತು ಸಲ ಮೊಬೈಲಿಗೆ ಬರುತ್ತಿತ್ತು.

ಇಷ್ಟರಲ್ಲಿ ನಮ್ಮ ಊರಿನಲ್ಲಿ ನಾಟಕ ಬಂತು. ನಮ್ಮ ಕಡೆಯ 'ಕುರುಕ್ಷೇತ್ರ' ಹೇಗೆ ನಡೆಯುತ್ತದೆಂದು ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಓದುಗರಿಗೆ ಗೊತ್ತು, ಉಳಿದವರಿಗಾಗಿ ಹೇಳುತ್ತೇನೆ. ಇಲ್ಲಿ ಪಾತ್ರ ಮಾಡಲು ನಟನೇ ದುಡ್ಡು ಕೊಡಬೇಕು. ದುರ್ಯೋಧನನಿಗೆ ಹೆಚ್ಚು, ಕೃಷ್ಣನಿಗೂ ಹೆಚ್ಚು, ವಿದುರ, ಸಾತ್ಯಕಿಗೆ ಕಡಿಮೆ. ಆ ದುಡ್ಡಿನಲ್ಲಿ ಸೀನರಿ, ಮೈಕು, ಡ್ರಾಮಾ ಮೇಷ್ಟ್ರ ಸಂಭಾವನೆ ಎಲ್ಲ ಹೊರಡಬೇಕು. ಹೊಲದಿಂದ ಬಂದ ಗಂಡಸರು ತಿಂಗಳುಗಟ್ಟಲೆ ರಾತ್ರಿ ತಾಲೀಮು ಮಾಡಿ, ಒಂದು ರಾತ್ರಿ ಕಿರೀಟ ಇಟ್ಟುಕೊಂಡು ಬೆಳಗಿನ ಜಾವದವರೆಗೆ ಹಾಡುತ್ತಾರೆ.

ಅವತ್ತು ಚಾಪೆಯ ಮೇಲೆ ಕೂತು ನೋಡುವಾಗ ಹಿಂದೆಂದೂ ಹೊಳೆಯದ ಒಂದು ವಿಷಯ ಹೊಳೆಯಿತು. ಆ ರಂಗದ ಮೇಲೆ ದುಡ್ಡು ಕೊಟ್ಟು ನಿಂತವರು ಗಂಡಸರು. ದುಡ್ಡು ತೆಗೆದುಕೊಂಡು ನಿಂತವರು ಹೊರಗಿನಿಂದ ಬಂದ ಸ್ತ್ರೀ ಪಾತ್ರದ ಮೂವರು ಹೆಂಗಸರು. ದ್ರೌಪದಿಯ ವೇಷದವರು ಬಣ್ಣದ ಕೋಣೆಯ ಹಿಂದೆ ನನ್ನ ಹತ್ತಿರ ಒಂದು ಲೋಟ ನೀರು ಕೇಳಿದರು. ಮಾತಿಗೆ ಮಾತು ಬಂದು, ಹದಿನೆಂಟು ವರ್ಷದಿಂದ ಇದೇ ದುಡಿಮೆ, ಇದರಲ್ಲೇ ಮಗಳನ್ನು ನರ್ಸಿಂಗ್ ಓದಿಸಿದೆ ಎಂದರು. ಅಷ್ಟು ಜನರ ನಡುವೆ ನಟನೆಯನ್ನೇ ವೃತ್ತಿ ಮಾಡಿಕೊಂಡವರು ಆ ಮೂವರೇ. ಬೆಳಿಗ್ಗೆ ಹಾರ, ಶಾಲು ಬಿದ್ದಿದ್ದು ಮಾತ್ರ ದುರ್ಯೋಧನನಿಗೆ. ನಮ್ಮದೇ ಜಿಲ್ಲೆಯ ನೊಣವಿನಕೆರೆಯಲ್ಲಿ ಹುಟ್ಟಿದ ಉಮಾಶ್ರೀ ರಂಗಭೂಮಿಯಿಂದ ಬಂದು, 'ಗುಲಾಬಿ ಟಾಕೀಸ್' ಚಿತ್ರಕ್ಕೆ ರಾಷ್ಟ್ರ ಪ್ರಶಸ್ತಿ ಪಡೆದದ್ದನ್ನು ಹೆಮ್ಮೆಯಿಂದ ಹೇಳುವ ನಾವು, ಊರಿಗೆ ಬಂದ ದ್ರೌಪದಿಗೆ ಬಟ್ಟೆ ಬದಲಿಸಲು ಒಂದು ಬಾಗಿಲಿರುವ ಕೋಣೆ ಕೊಡುವುದಿಲ್ಲ.

ಸರ್ಕಾರದ ಹತ್ತಿರ ನಾನು ಕೇಳುವುದು ದೊಡ್ಡದೇನಲ್ಲ. ಸರ್ಕಾರಿ ಪ್ರೌಢಶಾಲೆಯಲ್ಲಿ ನಾಟಕದ ಮೇಷ್ಟ್ರು ಎಂಬ ಹುದ್ದೆ ಇದೆ. ಆದರೆ ಇಡೀ ರಾಜ್ಯದಲ್ಲಿ ಬೆರಳೆಣಿಕೆ. ಹೋಬಳಿಗೊಂದು ಹುದ್ದೆ ತುಂಬಿದರೂ ಕಲಿತವರಿಗೆ ಅನ್ನ, ಕಲಿಯುವವರಿಗೆ ದಾರಿ. ಗುಬ್ಬಿ ಕಂಪನಿಯನ್ನು ಕೊಟ್ಟ ಜಿಲ್ಲೆಗೆ ಸಂಬಳ ಕೊಡುವ ಒಂದು ರೆಪರ್ಟರಿ ಕೇಳುವ ಹಕ್ಕೂ ಇದೆ. ಅಲ್ಲಿಯವರೆಗೆ ನನ್ನ ತಮ್ಮನಂಥವರು ತಿಳಿಯಬೇಕಾದ ವಿಳಾಸಗಳಿವೆ. ಹೆಗ್ಗೋಡಿನ ನೀನಾಸಮ್ ರಂಗಶಿಕ್ಷಣ ಕೇಂದ್ರ 1980ರಿಂದ ನಡೆಯುತ್ತಿದೆ. ಅದರ ತಿರುಗಾಟ ತಂಡವೂ, ನಮಗೆ ಇನ್ನೂ ಹತ್ತಿರದ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರವೂ ಊರೂರು ಸುತ್ತುತ್ತವೆ. ಹೆಸರಘಟ್ಟದಲ್ಲಿ ಸರ್ಕಾರಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ. 35 ಸಾವಿರ ಕಟ್ಟುವ ಮುಂಚೆ ಈ ಹೆಸರುಗಳು ನಮ್ಮ ಮನೆಗೆ ಬಂದಿದ್ದರೆ ಎರಡು ಕುರಿಗಳಾದರೂ ಉಳಿಯುತ್ತಿದ್ದವು.

ನಾಟಕ ಮುಗಿದ ಬೆಳಿಗ್ಗೆ ಡ್ರಾಮಾ ಮೇಷ್ಟ್ರು ಹಾರ್ಮೋನಿಯಂ ಕಟ್ಟುತ್ತಿದ್ದರು. ಊರಿಂದ ಊರಿಗೆ ಹೋಗಿ, ಒಂದೊಂದು ಕಡೆ ಎರಡು ಮೂರು ತಿಂಗಳು ಇದ್ದು ನಾಟಕ ಕಲಿಸುವವರು. ತಮ್ಮ ಅವರ ಹತ್ತಿರ ನಿಂತು ತನ್ನ ವಿಡಿಯೊ ತೋರಿಸಿದ. ಅವರು ಪೂರ್ತಿ ನೋಡಿ, ನಟನೆಯ ಬಗ್ಗೆ ಒಂದು ಮಾತೂ ಆಡದೆ, "ತಾಳ ಗೊತ್ತೇನಪ್ಪ? ತಬಲಾದವ್ನು ಕೈ ಕೊಡ್ತಾವ್ನೆ, ಒಬ್ಬ ಬೇಕು" ಎಂದರು.

ಈಗ ತಮ್ಮ ಹಿಂದೂಪುರದ ಒಂದು ಮಿಲ್ಲಿನಲ್ಲಿ ಹಗಲು ಪಾಳಿಗೆ ಹೋಗುತ್ತಾನೆ. ಶನಿವಾರ ಮೇಷ್ಟ್ರ ಜೊತೆ ತಬಲಾ. ಒಂದು ರಾತ್ರಿಗೆ 800 ರೂಪಾಯಿ. ನೀನಾಸಮ್ ಅರ್ಜಿ ತುಂಬಿ ಕಳಿಸಿದ್ದಾನೆ; ಜೊತೆಗಿಡಬೇಕಿದ್ದ ಬರಹವನ್ನು ಮೂರು ಸಲ ನನ್ನಿಂದ ತಿದ್ದಿಸಿಕೊಂಡ. ಬರುವ ಭಾನುವಾರ ನನಗೆ ತುಮಕೂರಿನಲ್ಲಿ ಪರೀಕ್ಷೆ, ಹಿಂದಿನ ರಾತ್ರಿ ಅವನಿಗೆ ಮಿಡಿಗೇಶಿ ಕಡೆ ಆಟ. ಮೊನ್ನೆ ಬಸ್ ಚಾರ್ಜಿಗೆ ಅಪ್ಪನ ಮುಂದೆ ಕೈ ಚಾಚಿದವಳು ನಾನು. ಅವನು ಜೇಬಿನಿಂದ ಇನ್ನೂರು ತೆಗೆದು ನನ್ನ ಹಾಲ್ ಟಿಕೆಟ್ ಒಳಗೆ ಮಡಿಚಿಟ್ಟ.